ಶೀತಪೇಟಿಕಾ ಶೋಧನ ಮೀಮಾಂಸೆ

ಕೊಪ್ಪಳ ಸೀಮೆಯ ಪುರಾತನ ಅವಶೇಷಗಳ ಬಗ್ಗೆ ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ. ಹಿರೇಬೆಣಕಲ್ಲಿನ ಶಿಲಾಸಮಾಧಿಗಳನ್ನು ಅಳೆದಾಗಿದೆ. 1112ರಲ್ಲಿ ಕಟ್ಟಿದ ಇಟಗಿ ಮಹಾದೇವ ದೇವಾಲಯದ ಕಂಬಗಳನ್ನು ಎಣಿಸಿಯಾಗಿದೆ. ಅಡುಗೆಮನೆಯ ಮೂಲೆಯಲ್ಲಿ ಗುಂಯ್‌ಗುಡುತ್ತ, ಹೆಚ್ಚುಕಡಿಮೆ ಅಷ್ಟೇ ಪ್ರಾಚೀನ ವಸ್ತುಗಳನ್ನು ಒಡಲಲ್ಲಿಟ್ಟುಕೊಂಡ ಫ್ರಿಜ್ಜಿನ ಕಡೆ ಮಾತ್ರ ಒಬ್ಬರೂ ತಿರುಗಿ ನೋಡಿಲ್ಲ. ಈ ಕೊರತೆ ನೀಗಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಉತ್ಖನನ ಫ್ರೀಜರಿನಿಂದ ಆರಂಭವಾಗತಕ್ಕದ್ದು. ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಮೊದಲು ಎದುರಾಗುವುದು ಹಿಮಯುಗ. ಅದರಡಿ ತುಪ್ಪಕ್ಕೆಂದು ಕೂಡಿಟ್ಟ ಕೆನೆಯ ಡಬ್ಬಿ. ಅದಕ್ಕೂ ಕೆಳಗೆ ಐಸ್‌ಕ್ರೀಮ್ ಡಬ್ಬಿ, ಒಳಗೆ ಐಸ್‌ಕ್ರೀಮ್ ಬಿಟ್ಟು ಬೇರೇನೋ. ತಳದ ಸ್ತರದಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಚ್ಚಿಕೊಂಡು ಕೂತಿದೆ. ಹೋಳಿಗೆಯ ಹೂರಣವೆಂದು ಒಂದು ಪಕ್ಷ, ಹಸಿ ಬಟಾಣಿಯೆಂದು ಇನ್ನೊಂದು. ಇದನ್ನು ಚಾಕುವಿನಿಂದ ಕೆತ್ತಿ ಬಿಡಿಸುವ ಪರಂಪರೆಯನ್ನು ಪ್ರಬಂಧಕಾರ ಕಟುವಾಗಿ ಖಂಡಿಸುತ್ತಾನೆ. ಹಿಮದ ಹಿಂದೆಯೇ ಗ್ಯಾಸಿನ ತೆಳು ನಳಿಗೆ ಹರಿದಿರುತ್ತದೆ. ಚಾಕು ತಾಗಿ ತೂತಾದರೆ ಫ್ರಿಜ್ಜೇ ಅವಶೇಷವಾಗುತ್ತದೆ. ಇತ್ತೀಚಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಐಸೋಬ್ಯುಟೇನ್ ಅಂತೂ ಹೊತ್ತಿಕೊಳ್ಳುವ ಅನಿಲ. ಪ್ಲಗ್ ಕಿತ್ತು, ಬಾಗಿಲು ತೆಗೆದಿಟ್ಟು ಸುಮ್ಮನೆ ಕೂತರಾಯಿತು. ಉಳಿದದ್ದನ್ನು ನಮ್ಮ ಬಿಸಿಲು ನೋಡಿಕೊಳ್ಳುತ್ತದೆ.

ಇನ್ನು ಪೂರ್ವಪಕ್ಷ. ಸೊಸೆ ಬಟ್ಟಲೊಂದನ್ನು ಹೊರತೆಗೆದು “ಅತ್ತೀ, ಈ ಪಲ್ಯಾ ಒಗೀಲೇನ್ರಿ?” ಎಂದು ಕೇಳುತ್ತಾಳೆ. ಅತ್ತೆ ಮೂಸಿ ನೋಡಿ, “ವಾಸ್ನಿ ಏನೂ ಬಂದಿಲ್ಲವಾ, ಇರ್ಲಿ ಬಿಡು” ಎನ್ನುತ್ತಾರೆ. ಬಟ್ಟಲು ಮತ್ತೆ ಒಳಗೆ. ಮೂಗೇ ಪರಮ ಪ್ರಮಾಣವೆನ್ನುವ ಈ ‘ಇರ್ಲಿ ಬಿಡು’ ಮತಕ್ಕೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆ ಅನುಯಾಯಿಗಳಿದ್ದಾರೆ. ಸಿದ್ಧಾಂತವೇನೆಂದರೆ, ರೋಗ ತರುವ ಕ್ರಿಮಿಗಳು ವಾಸನೆ ಬೀರಿ ತಮ್ಮ ಆಗಮನ ಸಾರಲೇಬೇಕೆಂಬ ಕಟ್ಟಳೆಯಿಲ್ಲ. ಫ್ರಿಜ್ಜು 4 ಡಿಗ್ರಿಯಲ್ಲೋ ಅದಕ್ಕೂ ಕೆಳಗೋ ಇದ್ದರೆ ಹೆಚ್ಚಿನವು ಜಡವಾಗುತ್ತವೆ, ಸಾಯುವುದಿಲ್ಲ; ಲಿಸ್ಟೀರಿಯಾ ಎಂಬುದು ಆ ತಂಪಿನಲ್ಲೂ ಸಂಸಾರ ಬೆಳೆಸುತ್ತದೆ. ಬೇಯಿಸಿದ್ದಕ್ಕೆ ಅಲ್ಲಿ ಮೂರು-ನಾಲ್ಕು ದಿನದ ಆಯುಷ್ಯ. ಹೆಚ್ಚು ಕಾಲ ಬೇಕೆಂದರೆ ಮೈನಸ್ 18ರ ಫ್ರೀಜರು.

ಪ್ರಾದೇಶಿಕ ಭೇದಗಳೂ ಗಮನಾರ್ಹ. ಗಂಗಾವತಿಯದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ನಾಡು. ಅಲ್ಲಿ ಉಳಿಯುವುದು ಅನ್ನ. ಅನ್ನ ಬಡಪಾಯಿ, ಅದೇನು ಮಾಡೀತು ಎಂಬುದು ಭ್ರಮೆ. ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿಯ ಬೀಜಕಣಗಳು ಅನ್ನ ಬೆಂದರೂ ಬದುಕುತ್ತವೆ, ಹೊರಗಿಟ್ಟ ಪಾತ್ರೆಯಲ್ಲಿ ಮೊಳೆತು ವಿಷ ಬಿಡುತ್ತವೆ. ಮರುದಿನದ ಚಿತ್ರಾನ್ನದ ಒಗ್ಗರಣೆಗೆ ಆ ವಿಷ ಜಗ್ಗುವುದಿಲ್ಲ. ಆದಕಾರಣ ಉಳಿದ ಅನ್ನವನ್ನು ಅಗಲ ಪಾತ್ರೆಯಲ್ಲಿ ಹರಡಿ ಎರಡು ಗಂಟೆಯೊಳಗೆ, ಬೇಸಿಗೆಯಲ್ಲಿ ಒಂದೇ ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಬೇಕು.

ಕುಷ್ಟಗಿ, ಯಲಬುರ್ಗಾ ಬಯಲುಸೀಮೆಯ ಕಥೆ ಬೇರೆ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿಗಳಲ್ಲಿ ಕ್ರಿಮಿ ಬೆಳೆಯುವಷ್ಟು ತೇವವೇ ಇಲ್ಲ. ಗವಿಸಿದ್ಧೇಶ್ವರ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಗಳಿಂದ ಬರುವ ಲಕ್ಷಾಂತರ ರೊಟ್ಟಿಗಳು ಯಾವ ಫ್ರಿಜ್ಜಿನ ಹಂಗಿಗೂ ಬಿದ್ದಿಲ್ಲ. ಹೀಗಿದ್ದೂ ಮನೆಮನೆಯಲ್ಲಿ ಶೇಂಗಾ ಚಟ್ನಿಯ ಡಬ್ಬಿ ತಂಪಿನಲ್ಲಿ ಮುಂದಿನ ಸಾಲಿಗೆ ಬಂದು ಕೂತಿದೆ. ಅಜ್ಜನ ಇನ್ಸುಲಿನ್ ಸೀಸೆ ಹಿಂದೆ ಸರಿದು ಫ್ರೀಜರಿಗೆ ಆತುಕೊಂಡಿದೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಬಳಕೆಗೆ ಬಾರದು. ಇಲ್ಲಿ ಹಾಸ್ಯಕ್ಕೆ ಎಡೆಯಿಲ್ಲ.

ಶುದ್ಧೀಕರಣ ವಿಧಿ ಚಿಕ್ಕದು. ಉಗುರುಬೆಚ್ಚಗಿನ ನೀರಿಗೆ ಅಡುಗೆ ಸೋಡಾ ಕಲಸಿ ಒರೆಸಬೇಕು, ಬಾಗಿಲಿನ ರಬ್ಬರಿನ ಮಡಿಕೆಗಳನ್ನು ಮರೆಯದೆ. ತಣ್ಣಗಿರುವ ಗಾಜಿನ ಹಲಗೆಗೆ ಬಿಸಿನೀರು ಸುರಿದರೆ ಸೀಳುತ್ತದೆ. ಹಸಿ ಮೀನು, ಮಾಂಸ ಮುಚ್ಚಿ ಕೆಳಗಿನ ಹಲಗೆಯಲ್ಲಿಡಬೇಕು. ಅದರ ರಸದಿಂದ ಕೊತ್ತಂಬರಿಗೆ ಅಭಿಷೇಕವಾಗಬಾರದು. ಕರೆಂಟು ಹೋದಾಗ “ಇನ್ನೂ ತಂಪೈತೇನು” ಎಂದು ಪದೇಪದೇ ಬಾಗಿಲು ತೆಗೆಯುವ ಸಂಶೋಧಕರನ್ನು ಅಡುಗೆಮನೆಯಿಂದ ಹೊರಗಿಡಿ. ಮುಚ್ಚಿದ ಫ್ರಿಜ್ಜು ಸುಮಾರು ನಾಲ್ಕು ಗಂಟೆ ತಂಪು ಹಿಡಿದುಕೊಳ್ಳುತ್ತದೆ.

ಕೊನೆಗೆ ಕಾಲನಿರ್ಣಯ. ಗವಿಮಠದ ಬೆಟ್ಟದಲ್ಲೂ ಪಾಲ್ಕಿಗುಂಡಿನಲ್ಲೂ ಅಶೋಕ ಬಂಡೆಗೆ ಕೆತ್ತಿಸಬೇಕಾಯಿತು; ನಿಮಗೆ ಒಂದು ಚೀಟಿ, ಒಂದು ಪೆನ್ನು ಸಾಕು. ಒಳಗೇನಿದೆ, ಎಂದು ಇಟ್ಟದ್ದು, ಬರೆದು ಅಂಟಿಸಿ. ಚೀಟಿಯಿಲ್ಲದ ಡಬ್ಬಿ ಸಿಕ್ಕರೆ ವಿದ್ವಾಂಸರನ್ನು ಕರೆಸಬೇಡಿ, ಒಗೆಯಿರಿ.