ವರ್ಷಾ ವರ್ಷ ಮದುವೆಯೇ?

ನ್ಯೂಜೆರ್ಸಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಏಪ್ರಿಲ್‌ನಿಂದ ನಾಲ್ಕು ಚೀಟಿಗಳು ಬಿದ್ದಿವೆ. ಉಪ್ಪಿನಕಾಯಿ ಭರಣಿ ಅವುಗಳ ಮೇಲೆ ಕೂತು, ಮೊದಲನೆಯದಕ್ಕೆ ಎಣ್ಣೆಯ ಉಂಗುರ ತೊಡಿಸಿದೆ. ತೆರಿಗೆ ಲೆಕ್ಕದ ಸಾಫ್ಟ್‌ವೇರು ಕೇಳದೆಯೇ ಅಚ್ಚು ಹಾಕಿಕೊಟ್ಟ, ಮುಂಗಡ ತೆರಿಗೆಯನ್ನು ಕಂತುಗಳಲ್ಲಿ ಕಟ್ಟುವ 1040-ಇಎಸ್ ವೋಚರುಗಳವು. ಒಂದೊಂದರ ಮೇಲೂ ಸಾವಿರಾರು ಡಾಲರು.

ಕಳೆದ ವರ್ಷ ಮಗಳ ಮದುವೆಗೆಂದು ಹಳೆಯ ಕಂಪನಿಯ 401(ಕೆ) ಎಂಬ ನಿವೃತ್ತಿ ಉಳಿತಾಯದ ಖಾತೆಯಿಂದ 60,000 ಡಾಲರನ್ನು ಒಟ್ಟಿಗೆ ತೆಗೆದಿದ್ದೆ. ವಯಸ್ಸು ಐವತ್ತೊಂಬತ್ತೂವರೆ ದಾಟಿದ್ದರಿಂದ, ಬೇಗ ತೆಗೆದರೆ ಬೀಳುವ ಶೇ. 10ರ ದಂಡ ತಪ್ಪಿತು. (ಈ ‘ಅರೆ’ ನನಗೆ ಬಲು ಇಷ್ಟ. ಕೂಸಿನ ವಯಸ್ಸನ್ನು ಬಿಟ್ಟರೆ ಅರ್ಧ ವರ್ಷಕ್ಕೆ ಇಷ್ಟು ಬೆಲೆ ಕೊಡುವವರು ಈ ದೇಶದ ತೆರಿಗೆಯವರೇ.) ಶೇ. 20ನ್ನು ಅಲ್ಲೇ ಹಿಡಿದುಕೊಂಡು 48,000 ಕೈಗಿಟ್ಟರು. ಹಿಡಿದದ್ದೇ ತೆರಿಗೆ, ಋಣ ಹರಿಯಿತು ಅಂದುಕೊಂಡೆ. ಅದು ಬರೀ ಮುಂಗಡ ಎಂದು ತಿಳಿದದ್ದು, ಸಂಬಳದ ಹೆಗಲೇರಿದ ಆ ದುಡ್ಡು ಮೇಲಿನ ಸ್ಲ್ಯಾಬಿಗೆ ಕಾಲಿಟ್ಟ ಮೇಲೆ. ಬಾಕಿ ಕಟ್ಟಿದೆ. ಆಗ ಬಂದವು ಈ ಚೀಟಿಗಳು.

ಸಾಫ್ಟ್‌ವೇರಿನ ತರ್ಕ ಸರಳ: ಹೋದ ವರ್ಷ ಇಷ್ಟು ತೆರಿಗೆ ಬಂತು, ಈ ವರ್ಷವೂ ಬರುತ್ತದೆ. ಒಮ್ಮೆ ಮದುವೆಯೂಟ ಉಂಡು ಹೋದ ನೆಂಟ ಮರುವರ್ಷ ಅದೇ ದಿನ ಬಂದು ಎಲೆಯ ಮುಂದೆ ಕೂತ ಹಾಗೆ. ನನಗಿರುವುದು ಒಬ್ಬಳೇ ಮಗಳು ಮಾರಾಯ, ಅಂತ ಅದಕ್ಕೆ ಹೇಳುವುದು ಹೇಗೆ?

ಕಂತುಗಳ ಚಂದ ಬೇರೆ. ಹೆಸರು ತ್ರೈಮಾಸಿಕ, ಗಡುವು ಏಪ್ರಿಲ್, ಜೂನ್, ಸೆಪ್ಟೆಂಬರ್, ಜನವರಿಗಳ 15. ಮೊದಲನೆಯದು ಮೂರು ತಿಂಗಳ ಗಳಿಕೆಗೆ, ಎರಡನೆಯದು ಎರಡೇ ತಿಂಗಳಿಗೆ, ಕೊನೆಯದು ನಾಲ್ಕಕ್ಕೆ. ನನ್ನ ಹೆಂಡತಿ ಹೋಳಿಗೆ ಕೂಡ ಇದಕ್ಕಿಂತ ಸಮನಾಗಿ ಪಾಲು ಮಾಡುತ್ತಾಳೆ.

ಮೈಸೂರಿನ ತಮ್ಮನಿಗೆ ಫೋನಿನಲ್ಲಿ ಗೋಳು ಹೇಳಿಕೊಂಡೆ. “ನಮ್ಮಲ್ಲಾದ್ರೆ ಅರವತ್ತಾದವ್ರಿಗೆ, ವ್ಯಾಪಾರ-ಗೀಪಾರ ಇಲ್ದಿದ್ರೆ, ಅಡ್ವಾನ್ಸ್ ಟ್ಯಾಕ್ಸೇ ಇಲ್ಲ ಕಣಣ್ಣ” ಎಂದ. ಅವನ ದನಿಯಲ್ಲಿ ಸಂತಾಪಕ್ಕಿಂತ ಸಂತೋಷವೇ ಹೆಚ್ಚಿತ್ತು.

ಆಮೇಲೆ ನಿಯಮಗಳನ್ನು ಕನ್ನಡಕ ಒರೆಸಿಕೊಂಡು ಓದಿದೆ. ಮುಂಗಡವಾಗಿ ಹಿಂದಿನ ವರ್ಷದ ತೆರಿಗೆಯಷ್ಟು ಕಟ್ಟಿದರೂ ಸಾಮಾನ್ಯವಾಗಿ ದಂಡವಿಲ್ಲ, ಈ ವರ್ಷದ್ದರ ಶೇ. 90 ಕಟ್ಟಿದರೂ ಇಲ್ಲ. ಎರಡರಲ್ಲಿ ಯಾವುದು ಕಡಿಮೆಯೋ ಅದು ಸಾಕು. ಮದುವೆಯಿಲ್ಲದ ವರ್ಷಕ್ಕೆ ಎರಡನೆಯದೇ ಲೇಸು, ಅದಕ್ಕೆ ಸಂಬಳದಲ್ಲಿ ಹಿಡಿಯುವುದೇ ಹೆಚ್ಚುಕಡಿಮೆ ಸಾಲುತ್ತದೆ. ಇನ್ನೊಂದು ಗುಟ್ಟೂ ಸಿಕ್ಕಿತು: ಕೈಯಾರೆ ಚೆಕ್ ಕಳಿಸಿದರೆ ತಾರೀಖು ನೋಡುತ್ತಾರೆ; ಸಂಬಳದಿಂದ ಡಿಸೆಂಬರಿನಲ್ಲಿ ಹಿಡಿಸಿದ್ದನ್ನು ಮಾತ್ರ ವರ್ಷವಿಡೀ ಸಮನಾಗಿ ಕಟ್ಟಿದಂತೆ ಎಣಿಸುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದವನಿಗೆ ಇದಕ್ಕಿಂತ ಹಿತವಾದ ಕಾನೂನು ಬೇಕೇ? ಕೊರತೆ ಕಂಡರೆ ಇರಲಿ ಎಂದು, ನವೆಂಬರಿನಲ್ಲಿ ಪೇರೋಲ್‌ನವರಿಗೆ ‘ಇನ್ನಷ್ಟು ಹಿಡೀರಪ್ಪ’ ಎಂದು ಬರೆದುಕೊಟ್ಟೆ.

“ರೀ, ಈ ಚೀಟಿ ಇನ್ನೂ ಬೇಕಾ?” ಎಂದು ಹೆಂಡತಿ ನಿನ್ನೆ ಭರಣಿ ಎತ್ತಿ ಕೇಳಿದಳು. ಬೇಡವೆಂದೆ. ಜನವರಿ 15ರದ್ದನ್ನೇ ಆರಿಸಿ, ಮಗುಚಿ ಬರೆಯತೊಡಗಿದಳು: ಎಳ್ಳು, ಅಚ್ಚು ಬೆಲ್ಲ, ಒಣಕೊಬ್ಬರಿ, ಹುರಿಗಡಲೆ.