ಇನ್‌ಚಾರ್ಜ್ ಮೇಷ್ಟ್ರು

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಇವು ಸೇರಿ ಬೇರೆಯೇ ಒಂದು ಜಿಲ್ಲೆ: ಮಧುಗಿರಿ ಶೈಕ್ಷಣಿಕ ಜಿಲ್ಲೆ. ಅದರ ಗಡಿ ತಿಳಿಯಲು ನಕ್ಷೆ ಬೇಡ, ಇನ್‌ಚಾರ್ಜ್ ಮೇಷ್ಟ್ರನ್ನು ನೋಡಿದರೆ ಸಾಕು. ಮನೆ ಮಧುಗಿರಿಯಲ್ಲಿ, ಶಾಲೆ ಪಾವಗಡ ತಾಲ್ಲೂಕಿನಲ್ಲಿ, ಅಪ್ಪನ ಕಡಲೆಕಾಯಿ ಹೊಲ ಶಿರಾ ಕಡೆ, ಹೆಂಡತಿಯ ತವರು ಕೊರಟಗೆರೆ. ನಾಲ್ಕೂ ಕಡೆಯಿಂದ ಫೋನ್ ಬರುತ್ತದೆ, ಸಾಮಾನ್ಯವಾಗಿ ಒಟ್ಟಿಗೇ ಬರುತ್ತದೆ.

ಕಾಯಂ ಹೆಡ್‌ಮಾಸ್ಟರು ನಿವೃತ್ತರಾದ ದಿನ, ಹೊಸಬರು ಬರುವವರೆಗೆ ನೀವೇ ನೋಡಿಕೊಳ್ಳಿ ಎಂದು ಬೀರುವಿನ ಕೀ ಇವರ ಕೈಗೆ ಬಂತು. ಹೊಸಬರು ಬರುತ್ತಲೇ ಇದ್ದಾರೆ, ತುಮಕೂರು–ರಾಯದುರ್ಗ ರೈಲು ಮಧುಗಿರಿಗೆ ಬರುತ್ತಿರುವ ಹಾಗೆ. ಅಲ್ಲಿಯವರೆಗೆ ಮೇಷ್ಟ್ರ ಹೆಗಲ ಚೀಲದಲ್ಲಿ ಶಾಲೆಯ ಸೀಲು, ಸ್ಟಾಂಪ್ ಪ್ಯಾಡು, ಬಿಪಿ ಮಾತ್ರೆ, ಊಟದ ಡಬ್ಬಿ, ಎಲ್ಲಕ್ಕಿಂತ ಅಡಿಯಲ್ಲಿ ಸಾರು ಸೋರಿದ ಕಲೆ ಹೊತ್ತ ಮುಕ್ತ ವಿಶ್ವವಿದ್ಯಾಲಯದ ಸಿದ್ಧಪಾಠ. ಮೇಷ್ಟ್ರು ಕನ್ನಡ ಎಂ.ಎ. ಕಟ್ಟಿದ್ದಾರೆ.

ಕಟ್ಟಿ ಎಷ್ಟು ಕಾಲವಾಯಿತು ಎಂದು ಕೇಳಿದರೆ ಇತಿಹಾಸ ಶುರುವಾಗುತ್ತದೆ. 1996ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಮುಕ್ತ ವಿವಿಗೆ 2013ರಿಂದ ಯುಜಿಸಿ ಮಾನ್ಯತೆ ನಿಂತುಹೋಗಿತ್ತು, 2018ರಲ್ಲಿ ಮರಳಿ ಬಂತು. “ಆ ಐದು ವರ್ಷ ನನ್ನ ತಪ್ಪಲ್ಲ ನೋಡ್ರಿ” ಎಂದು ಹೇಳುವಾಗ ಮೇಷ್ಟ್ರ ಮುಖದಲ್ಲಿ ಗೆದ್ದ ಕಳೆ. ಆಮೇಲಿನ ವರ್ಷಗಳ ಸುದ್ದಿ ತೆಗೆದರೆ ಮಾತು ಮೊಟ್ಟೆಗೆ ಹೊರಳುತ್ತದೆ.

ಮೊಟ್ಟೆ ಸಣ್ಣ ವಿಷಯವಲ್ಲ. ಶಾಲೆಯ ಬಿಸಿಯೂಟದಲ್ಲಿ ವಾರಕ್ಕೆ ಎರಡು ದಿನ ಕೊಡುತ್ತಿದ್ದ ಮೊಟ್ಟೆ 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಮಕ್ಕಳಿಗೆ ಹಬ್ಬ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗ ಮೊಟ್ಟೆಗೆ ಗೊತ್ತುಮಾಡಿದ್ದು ಆರು ರೂಪಾಯಿ, ಅದರೊಳಗೇ ಸಿಪ್ಪೆ ಸುಲಿಯುವ ಕೂಲಿ 30 ಪೈಸೆ. ಅಂಗಡಿಯವನಿಗೆ ಈ ಆದೇಶ ತಲುಪಿರುವುದಿಲ್ಲ, ರೇಟು ಏರಿಸುತ್ತಾನೆ. ಮಿಕ್ಕಿದ್ದು ಮೇಷ್ಟ್ರ ಜೇಬಿನಿಂದ. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಯಾವ ಮಗು ಯಾವ ವಾರ ತಿನ್ನುತ್ತದೆ, ಯಾರ ಮನೆಯಲ್ಲಿ ಶ್ರಾವಣ ಹಿಡಿದಿದ್ದಾರೆ ಎಂಬುದಕ್ಕೆ ಒಂದು ಪಟ್ಟಿ. ಅಡುಗೆಯಕ್ಕ ಲೆಕ್ಕ ಒಪ್ಪಿಸುವುದು ತೆಲುಗಿನಲ್ಲಿ. ಮೂರು ಕಡೆ ಆಂಧ್ರ ಇಟ್ಟುಕೊಂಡ ಪಾವಗಡದಲ್ಲಿ ಅದು ಸಹಜ. ಮೇಷ್ಟ್ರು ತೆಲುಗಿನಲ್ಲಿ ಕೇಳಿಸಿಕೊಂಡು, ಕನ್ನಡದಲ್ಲಿ ಬರೆದು, ಇಂಗ್ಲಿಷಿನಲ್ಲಿ ಅಪ್‌ಲೋಡ್ ಮಾಡುತ್ತಾರೆ. ಭಾಷಾಂತರ ಶಾಸ್ತ್ರದ ಪತ್ರಿಕೆಯಲ್ಲಿ ಅವರು ಫೇಲಾದದ್ದು ನನಗೆ ಇವತ್ತಿಗೂ ಅನ್ಯಾಯವೆನಿಸುತ್ತದೆ.

ಪಂಪನ ಮೇಲೆ ಅವರಿಗೆ ಭಕ್ತಿಯೂ ಇದೆ, ಹೊಟ್ಟೆಯುರಿಯೂ ಇದೆ. ಯುದ್ಧಕ್ಕೂ ಹೋಗುತ್ತಿದ್ದ ಆ ಕವಿ ಆದಿಪುರಾಣವನ್ನು ಮೂರು ತಿಂಗಳಲ್ಲಿ, ವಿಕ್ರಮಾರ್ಜುನ ವಿಜಯವನ್ನು ಆರು ತಿಂಗಳಲ್ಲಿ ಮುಗಿಸಿದ್ದಾಗಿ ತಾನೇ ಹೇಳಿಕೊಂಡಿದ್ದಾನೆ. ಆರು ತಿಂಗಳಲ್ಲಿ ಅವನು ಬರೆದದ್ದರ ಮೊದಲ ಆಶ್ವಾಸ ಓದಲು ಮೇಷ್ಟ್ರಿಗೆ ಒಂದು ಮುಂಗಾರು, ಒಂದು ಹಿಂಗಾರು ಹಿಡಿಯಿತು. “ಪಂಪನಿಗೇನ್ರೀ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ ಮಾಡೋದಿತ್ತಾ? ಅವನ ರಾಜ ಅರಿಕೇಸರಿ ರಾತ್ರಿ ಹತ್ತಕ್ಕೆ ‘ತುರ್ತು, ಇಂದೇ ಕಳುಹಿಸುವುದು’ ಅಂತ ಗ್ರೂಪಿಗೆ ಹಾಕ್ತಿದ್ನಾ?” ಎನ್ನುತ್ತಾರೆ. ಸಾಹಿತ್ಯ ಚರಿತ್ರೆಕಾರರು ಈ ಕೋನದಿಂದ ಯೋಚಿಸಿದಂತಿಲ್ಲ.

ಓದು ನಡೆಯುವ ಜಾಗವೆಂದರೆ ಪಾವಗಡದ ಬಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಮಿಡಿಗೇಶಿ ಬರುವುದರೊಳಗೆ ನಾಲ್ಕು ಪುಟ, ಅಲ್ಲಿಂದಾಚೆ ನಿದ್ದೆ. ಶನಿವಾರ ಅದೂ ಇಲ್ಲ. ಪಾವಗಡದ ಶನಿಮಹಾತ್ಮನ ದರ್ಶನಕ್ಕೆ ಹೊರಟ ಭಕ್ತರ ನಡುವೆ ಒಂಟಿಕಾಲಲ್ಲಿ ನಿಂತು, ಬೆಳಗಿನ ಶಾಲೆಯ ಬಾಗಿಲು ತೆಗೆಯಬೇಕು. ಆ ದಿನ ಶನಿಕಾಟ ಅವರೊಬ್ಬರಿಗೇ ಉಚಿತ ಸೇವೆ. 2025ರ ದಸರಾ ರಜೆಯಲ್ಲಿ ಓದಿ ಗುಡ್ಡೆ ಹಾಕುತ್ತೇನೆಂದು ಪುಸ್ತಕಗಳಿಗೆ ಹೊಸ ರಟ್ಟು ಹಾಕಿಸಿದ್ದರು. ಅಷ್ಟರಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂತು. ಐದು ಪ್ರಶ್ನೆಗೆ ಉತ್ತರ ಬರೆಯಲು ಬಿಡುವಿಲ್ಲದ ಮನುಷ್ಯ ಮನೆಮನೆಯ ಕಟ್ಟೆ ಮೇಲೆ ಕುಳಿತು 60 ಪ್ರಶ್ನೆ ಕೇಳಿಕೊಂಡು ತಿರುಗಿದರು.

ಶಾಲೆಯಲ್ಲಿ ಅವರ ನಾಯಕತ್ವ ಬಹಳ ಮೃದು. ಯಾರಿಗೂ ಬೈಯುವಂತಿಲ್ಲ, ನಾಳೆ ಕಾಯಂ ಹೆಡ್‌ಮಾಸ್ಟರು ಬಂದರೆ ಮತ್ತೆ ಅದೇ ಬೆಂಚಿನಲ್ಲಿ ಪಕ್ಕ ಕೂತು ಡಬ್ಬಿ ಬಿಚ್ಚಬೇಕು. ಎಸ್‌ಡಿಎಂಸಿ ಅಧ್ಯಕ್ಷರು ಒಂದು ಕಾಲದಲ್ಲಿ ಇವರ ಕೈಲೇ ಮಗ್ಗಿ ತಪ್ಪಿ ಏಟು ತಿಂದವರು, ಈಗ ಲೆಕ್ಕ ಕೇಳುತ್ತಾರೆ. ಸಮಯ ನಿರ್ವಹಣೆಯ ಮೇಲೆ ಒಂದು ದಿನದ ತರಬೇತಿಗೂ ಹೋಗಿ ಬಂದರು. ಉದ್ಘಾಟಕರು ಬಂದದ್ದು ಊಟದ ಹೊತ್ತಿಗೆ.

ಮನೆಯಲ್ಲಿ ಬೇರೆಯದೇ ಆಡಳಿತ. “ನೀವು ಇಲ್ಲಿಗೆ ಬರೋದೂ ಓಓಡಿ, ಅನ್ಯಕಾರ್ಯ ನಿಮಿತ್ತ, ಅಲ್ವಾ? ಚಲನವಲನ ವಹೀಲಿ ಬರೆದು ಬನ್ನಿ” ಎನ್ನುತ್ತಾರೆ ಹೆಂಡತಿ. ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಒಪ್ಪಿಸುವುದು ಬಾಕಿ, ಮಗಳ ಲೆಕ್ಕದ ಹೋಂವರ್ಕು ಬಾಕಿ, ಹೊಲದಲ್ಲಿ ಕಡಲೆಕಾಯಿ ಕೀಳಲು ಆಳು ಸಿಕ್ಕಿಲ್ಲವೆಂದು ಅಪ್ಪನ ಕೂಗು. ಮೇಷ್ಟ್ರು ಮುಂಜಾನೆ ಐದಕ್ಕೆ ಎದ್ದು ಏಕಶಿಲಾ ಬೆಟ್ಟದ ಕಡೆ ಮುಖ ಮಾಡಿ ಟೆರೇಸಿನಲ್ಲಿ ಕೂರುತ್ತಾರೆ. ಐದೂ ಕಾಲಿಗೆ ಕೆಳಗಿನಿಂದ ಕರೆ: “ರೀ, ನೀರು ಬಂತು, ಮೋಟ್ರು ಹಾಕಿ.”

ಹಾಗಿದ್ದೂ ಒಂದು ಪತ್ರಿಕೆಯಲ್ಲಿ ಅರವತ್ತು ದಾಟಿತು. ಅದರ ಗುಟ್ಟು ಇದು. ಪಠ್ಯದ ಕಾದಂಬರಿ “ಕಾನೂರು ಹೆಗ್ಗಡಿತಿ” ಮೇಷ್ಟ್ರ ದಿಂಬಿನಡಿಯಲ್ಲಿ ಕೊಳೆಯುತ್ತಿದ್ದಾಗ ಹೆಂಡತಿ ಹದಿನೈದು ದಿನದಲ್ಲಿ ಓದಿ ಮುಗಿಸಿ, ರಾತ್ರಿ ಅವರೆಕಾಯಿ ಸುಲಿಯುತ್ತ ಕಥೆ ಹೇಳಿದರು. “ಆ ಹೂವಯ್ಯ ಇದಾನಲ್ಲ, ಓದಿಕೊಂಡೋನು, ಒಳ್ಳೆಯೋನು. ಆದ್ರೆ ಆಡಬೇಕಾದ ಮಾತು ಆಡೋ ಹೊತ್ತಿಗೆ ಸುಮ್ನಾಗ್ತಾನೆ. ನಿಮ್ಮ ಜಾತಿನೇ!” ಮೇಷ್ಟ್ರು ಪರೀಕ್ಷೆಯಲ್ಲಿ ಕೊನೆಯ ವಾಕ್ಯ ಬಿಟ್ಟು ಉಳಿದದ್ದನ್ನೆಲ್ಲ ಗ್ರಾಂಥಿಕಕ್ಕೆ ತಿರುಗಿಸಿ ಬರೆದು ಬಂದರು. ತುಮಕೂರಿಗೆ ಹೋಗಿ ಬರೆದ ಆ ಪರೀಕ್ಷೆಗೆ ಸಿಎಲ್ ಹಾಕಿದ್ದು ಅವರು. ಅಂಕ ಯಾರದು ಎಂಬ ವಿಚಾರ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಇಷ್ಟಕ್ಕೂ ಈ ಎಂ.ಎ. ಮುಗಿದರೆ ಸಂಬಳ ಏರುತ್ತದೆಯೇ ಎಂದು ಕೇಳಿದ್ದೆ. ಇಲ್ಲವೆಂದರು. ಮತ್ಯಾಕೆ ಎಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಪಂಪ ಅರ್ಥವಾದಾಗ ಬಲು ಚೆನ್ನಾಗಿರ್ತಾನೆ ಕಣ್ರೀ” ಎಂದರು. ಶಾಲೆ, ಹೊಲ, ಮನೆ ಎಲ್ಲದಕ್ಕೂ ಇನ್‌ಚಾರ್ಜ್ ಆಗಿರುವ ಈ ಮನುಷ್ಯ ಕಾಯಂ ಆಗಿರುವುದು ಆ ನಾಲ್ಕು ಪುಟದಲ್ಲಿ ಮಾತ್ರ ಎಂದು ನನಗೆ ಆಗ ಹೊಳೆಯಿತು.

ನಿಮ್ಮ ಬಸ್ಸಿನಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಸಿಕ್ಕರೆ ಮೊಟ್ಟೆ ರೇಟು ಕೇಳಿ, ಮಳೆ ಸುದ್ದಿ ಕೇಳಿ. “ಎಂ.ಎ. ಮುಗೀತಾ ಸಾರ್?” ಎಂದು ಮಾತ್ರ ಕೇಳಬೇಡಿ. ಪುಸ್ತಕ ತೆರೆದದ್ದು ಕಂಡರೆ ಅದನ್ನೂ ಕೇಳಬೇಡಿ, ಕಿಟಕಿ ಪಕ್ಕ ಜಾಗ ಬಿಟ್ಟುಕೊಡಿ.