ಸ್ಲೈಡಾಚಾರ್ಯರು

ಪರಿಸರದ ಬಗ್ಗೆ ಎಲ್ಲೇ ವಿಚಾರ ಸಂಕಿರಣ ನಡೆಯಲಿ, ನಮ್ಮ ಸ್ಲೈಡಾಚಾರ್ಯರು ಅಲ್ಲಿ ಹಾಜರು. ಖಾದಿ ಜುಬ್ಬಾ, ಹೆಗಲಿಗೆ ಬಟ್ಟೆಚೀಲ, ಚೀಲದೊಳಗೆ ಲ್ಯಾಪ್‌ಟಾಪು, ಯಾವ ಪ್ರೊಜೆಕ್ಟರಿಗೂ ಒಗ್ಗುವಷ್ಟು ವೈರು. ಉದ್ಯೋಗ, ಸಲಹೆ ಕೊಡುವುದು, ಕೇಳಿದವರಿಗೂ ಕೇಳದವರಿಗೂ.

ಸದ್ಯ ಒಂದೇ ಒಂದು ಸ್ಲೈಡಿನ ಬೆನ್ನು ಹತ್ತಿದ್ದಾರೆ. ಎಡಕ್ಕೆ ‘ದೋಚುವ ಆರ್ಥಿಕತೆ’, ಬಲಕ್ಕೆ ‘ಮರಳಿ ಚಿಗುರಿಸುವ ಆರ್ಥಿಕತೆ’. ಎಡಗಡೆ ನೆಟ್ಟಗಿನ ಬಾಣ: ಅಗೆ, ಮಾರು, ಎಸೆ. ಬಲಗಡೆಯ ಬಾಣ ದುಂಡಗೆ ಸುತ್ತಿ ಹೊರಟಲ್ಲಿಗೇ ಬರುತ್ತದೆ. ವಿಚಾರ ಸರಿಯಾದದ್ದೇ, ತಕರಾರಿಲ್ಲ. ಆದರೆ ಬಾಣ ಎಷ್ಟು ದಪ್ಪ ಇರಬೇಕೆಂದು ತೀರ್ಮಾನವಾಗುವಷ್ಟರಲ್ಲಿ ವಾರ ಕಳೆಯಿತು. ಹಸಿರು ಯಾವ ಹಸಿರು ಎಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಎಡಗಡೆಗೆ ಕೋಲಾರದ ಚಿನ್ನದ ಗಣಿ ಹಾಕೋಣವೆಂದು ಕೈಕೆಳಗಿನ ಹುಡುಗಿ ಪುಟಗಟ್ಟಲೆ ಬರೆದು ತಂದಳು. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ; ಶಿವನಸಮುದ್ರದ ಕರೆಂಟು 1902ರಲ್ಲೇ ಗಣಿಗೆ ಹೋಗಿತ್ತು. ಚಿನ್ನ ಹಡಗು ಹತ್ತಿತು. 2001ರಲ್ಲಿ ಗಣಿಗೆ ಬೀಗ ಬಿತ್ತು. ಊರಿಗೆ ಉಳಿದದ್ದು ಸೈನೈಡ್ ದಿಬ್ಬಗಳು, ಗಾಳಿ ಎದ್ದರೆ ಅವುಗಳ ದೂಳು. ಆಚಾರ್ಯರು ಕನ್ನಡಕ ಏರಿಸಿ ನೋಡಿ, “ಅಕ್ಷರ ಜಾಸ್ತಿ ಆಯ್ತಮ್ಮ. ಒಂದು ಗುದ್ದಲಿ ಚಿತ್ರ ಹಾಕು, ಸಾಕು” ಅಂದರು.

ಹುಡುಗಿ ಬಿಡುವವಳಲ್ಲ. “ಸರ್, ಗಾಂಧಿವಾದಿ ಅರ್ಥಶಾಸ್ತ್ರಜ್ಞ ಜೆ.ಸಿ. ಕುಮಾರಪ್ಪನವರು ಇದನ್ನೆಲ್ಲ ಜೈಲಿನಲ್ಲಿ ಕೂತು ಬರೆದಿದ್ದಾರೆ, 1945ರ ಪುಸ್ತಕ. ಅವರ ಲೆಕ್ಕದಲ್ಲಿ ಎರಡಲ್ಲ, ಐದು ಬಗೆ. ಕೊಂದು ತಿನ್ನುವ ಹುಲಿ, ತಾನು ನೆಡದ ತೋಪಿನ ಮಾವು ಕೀಳುವ ಕೋತಿ, ದುಡಿದು ಗೂಡು ಕಟ್ಟುವ ಹಕ್ಕಿ, ಇಡೀ ಗೂಡಿಗಾಗಿ ಕೂಡಿಡುವ ಜೇನು, ಮರಿಗೆ ಗುಟುಕು ಕೊಡುವ ತಾಯಿಹಕ್ಕಿ.”

“ಇರೋದು ಎರಡೇ ಕಾಲಂ. ಮೊದಲು ಆ ಕೋತಿ ತೆಗಿ.”

ಕೋತಿ ಹೋಯಿತು. ಹಿಂದೆಯೇ ಹುಲಿ, ಹಕ್ಕಿಗಳೂ ಹೋದವು. ಹಸಿರಿನ ಪಕ್ಕ ಹಳದಿ ಒಪ್ಪುತ್ತದೆಂದು ಜೇನು ಉಳಿಯಿತು. ಕೆಳಗೆ ಮೂಲೆಯಲ್ಲಿ ಹೆಸರು ಮಾತ್ರ ಆಚಾರ್ಯರದೊಂದೇ.

ಈ ಸ್ಲೈಡು ಎಲ್ಲ ಊರಿಗೂ ಹೋಗುತ್ತದೆ. ಗಣಿ ಕಂಪನಿಯವರು ಕರೆದರೆ ‘ದೋಚುವ’ ಅನ್ನುವುದು ‘ಸಾಂಪ್ರದಾಯಿಕ’ ಆಗುತ್ತದೆ, ಗುದ್ದಲಿಯ ಜಾಗಕ್ಕೆ ಹೆಲ್ಮೆಟ್ಟು ಬರುತ್ತದೆ, ಸಂಭಾವನೆಯೂ ಒಂದು ಸೊನ್ನೆ ಹೆಚ್ಚು. ಇನ್ನು ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡುವುದು ಹೆಂಡತಿಯ ಪಾಲಿನ ಕೆಲಸ. ದುಂಡು ಬಾಣ ಅವರ ಅಡುಗೆಮನೆಯ ಹೊಸ್ತಿಲು ದಾಟಿಲ್ಲ.

ನಿಮ್ಮೂರಿಗೂ ಒಂದು ದಿನ ಬಂದಾರು. ಚಪ್ಪಾಳೆ ತಟ್ಟಿ, ಬೇಡವೆನ್ನುವುದಿಲ್ಲ. ಬಣ್ಣ ನಿಜಕ್ಕೂ ಚೆನ್ನಾಗಿದೆ. ಪ್ರಶ್ನೋತ್ತರದ ಹೊತ್ತಿಗೆ ಮಾತ್ರ ಎದ್ದು ನಿಂತು, “ಸ್ವಾಮೀ, ಇದರಲ್ಲಿ ಕೋತಿ ಎಲ್ಲಿ?” ಅಂತ ಕೇಳಿಬಿಡಿ.